ಏಳು ನಡೆ ಮುಂದೆ ಕಾಣುತ್ತಿದ್ದ ಮೇಷ್ಟ್ರು

ಮುಳಬಾಗಿಲಿನ ವೆಂಕಟರಮಣ ಮೇಷ್ಟ್ರಿಗೆ ಯಾವ ಕೆಲಸವನ್ನೂ ಸುಮ್ಮನೆ ಮಾಡಿ ಗೊತ್ತಿರಲಿಲ್ಲ. ಬೆಳಿಗ್ಗೆ ಕೋಲಾರದ ಬಸ್ಸು ಬಂದು ನಿಂತರೆ ಉಳಿದವರು ಹತ್ತುತ್ತಿದ್ದರು, ಇವರು ಯೋಚಿಸುತ್ತಿದ್ದರು. ಈಗ ಹತ್ತಿದರೆ ಎಡಗಡೆಯ ಸೀಟು ಸಿಗುತ್ತದೆ, ಎಡಗಡೆ ಕೂತರೆ ಬಿಸಿಲು ಬೀಳುತ್ತದೆ, ಬಿಸಿಲು ಬಿದ್ದರೆ ತಲೆನೋವು ಬರುತ್ತದೆ, ತಲೆನೋವು ಬಂದರೆ ಮೊದಲ ಪೀರಿಯಡ್ಡಿನಲ್ಲಿ ಸಿಟ್ಟು ಬರುತ್ತದೆ. ಇಷ್ಟು ಮುಗಿಯುವ ಹೊತ್ತಿಗೆ ಬಸ್ಸು ಹೋಗಿರುತ್ತಿತ್ತು. ಮುಂದಿನ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಕಾಲೇಜು ಸೇರುತ್ತಿದ್ದ ಮೇಷ್ಟ್ರು, ತಾನು ದೂರಾಲೋಚನೆಯಿಂದ ಬಿಸಿಲು ತಪ್ಪಿಸಿಕೊಂಡೆ ಎಂದೇ ತಿಳಿದಿದ್ದರು.

ಅವರು ಕೋಲಾರದ ಹೊರಗಿನ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತ ಹೇಳುತ್ತಿದ್ದರು. ಕಾಲೇಜು ಚನ್ನರಾಯಪ್ಪನವರದು. ಚನ್ನರಾಯಪ್ಪನವರು ಟೊಮೆಟೊ ಮಂಡಿಯಲ್ಲಿ ಮೇಲೆ ಬಂದವರು. ಹಣ್ಣಿನಷ್ಟು ಬೇಗ ಕೊಳೆಯದ ಸರಕು ಯಾವುದೆಂದು ಹುಡುಕಿ ವಿದ್ಯೆಗೆ ಇಳಿದಿದ್ದರು. ಅವರ ಕಾಲೇಜಿಗೆ ಇನ್ನು ಕೆಲವು ವರ್ಷಗಳಲ್ಲಿ ಹೊಸ ಪ್ರಿನ್ಸಿಪಾಲರು ಬೇಕಾಗುತ್ತಾರೆ, ಅದು ತಾನೇ ಎಂದು ಮೇಷ್ಟ್ರು ಲೆಕ್ಕ ಹಾಕಿದ್ದರು. ಅವರಿಗಿಂತ ಹಿರಿಯರು ಯಾರು, ಯಾರು ಯಾವಾಗ ನಿವೃತ್ತರಾಗುತ್ತಾರೆ, ಯಾರಿಗೆ ಸಕ್ಕರೆ ಕಾಯಿಲೆ ಎಂಬುದೆಲ್ಲ ಆ ಲೆಕ್ಕದಲ್ಲಿ ಸೇರಿತ್ತು.

೧೯೯೭ರ ಬೇಸಿಗೆಯಲ್ಲಿ ಅಮೆರಿಕದ ಒಂದು ಯಂತ್ರ ಚೆಸ್ಸಿನಲ್ಲಿ ವಿಶ್ವ ಚಾಂಪಿಯನ್ನನನ್ನು ಸೋಲಿಸಿತು. ಅದು ಸೆಕೆಂಡಿಗೆ ಇಪ್ಪತ್ತು ಕೋಟಿ ಸ್ಥಿತಿಗಳನ್ನು ನೋಡುತ್ತದೆಂದು ಪತ್ರಿಕೆಯ ಮುಖಪುಟದಲ್ಲಿ ಬಂತು. ಆಟದಲ್ಲಿ ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಎಂದು ಆ ಯಂತ್ರಕ್ಕೆ ಹೇಳಿಕೊಡಲು ದೊಡ್ಡ ಆಟಗಾರರನ್ನು ಕೂರಿಸಿಕೊಂಡಿದ್ದರು ಎಂಬ ಸುದ್ದಿಯೂ ಇತ್ತು. ಆದರೆ ಆ ಭಾಗ ಒಳಪುಟಕ್ಕೆ ಹೋಗಿತ್ತು. ಮೇಷ್ಟ್ರು ಒಳಪುಟ ತಿರುಗಿಸಲಿಲ್ಲ.

"ನೋಡಿದ್ಯೇನೇ," ಎಂದರು ಹೆಂಡತಿ ತುಳಸಮ್ಮನಿಗೆ. "ದೂರ ನೋಡೋನೇ ಗೆಲ್ಲೋದು. ನಾನು ಮೊದಲಿಂದ ಹೇಳ್ತಾ ಇರೋದು ಇದನ್ನೇ."

"ಹೂಂ. ಹಾಲು ಉಕ್ತಾ ಇದೆ, ಸ್ವಲ್ಪ ಹತ್ತಿರದ್ದೂ ನೋಡಿ," ಎಂದರು ತುಳಸಮ್ಮ.

ಕಾಲೇಜಿನಲ್ಲಿ ಆಗ ಒಂದು ಕಂಪ್ಯೂಟರ್ ಕೋಣೆ ಇತ್ತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಕಿಟಕಿಗೆ ದಪ್ಪ ಪರದೆ, ಒಳಗೆ ಎ.ಸಿ. ತಣ್ಣಗೆ ಬೀಸುವುದು. ಆಯುಧಪೂಜೆಯ ಕುಂಕುಮ ಮಾನಿಟರುಗಳ ಮೇಲೆ ವರ್ಷವಿಡೀ ಇರುತ್ತಿತ್ತು, ಏಕೆಂದರೆ ಅವುಗಳನ್ನು ವಿದ್ಯಾರ್ಥಿಗಳು ಮುಟ್ಟದಂತೆ ನೋಡಿಕೊಳ್ಳುವುದೇ ಆ ವಿಭಾಗದ ಮುಖ್ಯ ಕೆಲಸವಾಗಿತ್ತು. ಮೇಷ್ಟ್ರು ಅಲ್ಲಿ ಕೂತು, ಐವತ್ತರ ಹತ್ತಿರದ ವಯಸ್ಸಿನಲ್ಲಿ ಪ್ರೋಗ್ರಾಮಿಂಗ್ ಕಲಿತು, ಚೆಸ್ ಆಡುವ ಒಂದು ಪ್ರೋಗ್ರಾಂ ಬರೆದರು. ಅದು ಸಾಧಾರಣ ಕೆಲಸವಲ್ಲ, ಅದನ್ನು ಅವರ ವಿರೋಧಿಗಳೂ ಒಪ್ಪುತ್ತಿದ್ದರು. ಒಪ್ಪದೆ ಇದ್ದರೆ ಮೇಷ್ಟ್ರು ಬಿಡುತ್ತಿರಲಿಲ್ಲ. ಅದಕ್ಕೆ 'ಗಜಮುಖ' ಎಂದು ಹೆಸರಿಟ್ಟು, ಫ್ಲಾಪಿಯನ್ನು ಕುರುಡುಮಲೆಗೆ ಒಯ್ದು ಗಣಪತಿಯ ಮುಂದೆ ಇಡಿಸಿದರು. ಅರ್ಚಕರು ದೂರದ ಸಂಬಂಧಿ. ಫ್ಲಾಪಿಯ ಮೇಲೆ ಗರಿಕೆ ಇಟ್ಟು, ಅಭಿಷೇಕ ಮಾಡಲು ಕೈಯೆತ್ತಿದರು. ಮೇಷ್ಟ್ರು ಸಮಯಕ್ಕೆ ಸರಿಯಾಗಿ ಅವರ ಕೈ ಹಿಡಿದರು.

ಗಜಮುಖ ಆಡುತ್ತಿದ್ದ ರೀತಿ ಸರಳ. ನಾನು ಹೀಗೆ ನಡೆದರೆ ಎದುರಾಳಿ ಹಾಗೆ ನಡೆಯುತ್ತಾನೆ, ಆಮೇಲೆ ನಾನು, ಆಮೇಲೆ ಅವನು. ಹೀಗೆ ಏಳು ನಡೆಗಳವರೆಗೆ ಎಲ್ಲ ದಾರಿಗಳನ್ನೂ ನೋಡಿ, ಪ್ರತಿ ದಾರಿಯ ಕೊನೆಗೆ ನಿಂತು, ಇಲ್ಲಿ ಯಾರ ಕೈ ಮೇಲು ಎಂದು ಬೆಲೆ ಕಟ್ಟುವುದು. ಈ ಬೆಲೆ ಕಟ್ಟುವ ಭಾಗಕ್ಕೆ ಮೇಷ್ಟ್ರು ಹೆಚ್ಚು ತಲೆ ಕೆಡಿಸಿಕೊಂಡಿರಲಿಲ್ಲ. ಪೇದೆಗೆ ಒಂದು, ಕುದುರೆಗೂ ಒಂಟೆಗೂ ಮೂರು, ಆನೆಗೆ ಐದು, ರಾಣಿಗೆ ಒಂಬತ್ತು. ಕೂಡಿಸು, ಕಳೆ, ಅಷ್ಟೆ. ಬೆಲೆ ಕಟ್ಟುವುದರಲ್ಲಿ ಉಳಿಸಿದ ಸಮಯವನ್ನೆಲ್ಲ ಇನ್ನೊಂದು ನಡೆ ಮುಂದೆ ನೋಡುವುದಕ್ಕೆ ಸುರಿದಿದ್ದರು.

ಆ ವರ್ಷವೇ ಕಾಲೇಜಿನ ಕಂಪ್ಯೂಟರ್ ವಿಭಾಗಕ್ಕೆ ಫರ್ಹಾದ್ ಎಂಬ ತರುಣ ಸೇರಿದ. ಅವನೂ ಮುಳಬಾಗಿಲಿನವನೇ, ರೇಷ್ಮೆಗೂಡಿನ ವ್ಯಾಪಾರಿ ಪೀರ್ ಸಾಬರ ಮಗ, ವಿಶ್ವವಿದ್ಯಾಲಯದ ತಂಡದಲ್ಲಿ ಚೆಸ್ ಆಡಿದವನು. ವಿನಯ ಅವನಿಗೂ ಅಷ್ಟಕ್ಕಷ್ಟೇ. ಮೇಷ್ಟ್ರು ಅವನನ್ನು ಕರೆದು ಗಜಮುಖದ ಒಂದು ಆಟ ತೋರಿಸಿದರು. ಅವನು ಕೈಕಟ್ಟಿ ನಿಂತು ಕೊನೆಯವರೆಗೆ ನೋಡಿದ.

"ದೂರ ಚೆನ್ನಾಗಿ ನೋಡುತ್ತೆ ಸಾರ್," ಎಂದ. "ಏನ್ ನೋಡ್ತಾ ಇದೀನಿ ಅನ್ನೋದು ಮಾತ್ರ ಅದಕ್ಕೆ ಗೊತ್ತಿಲ್ಲ."

"ಏಳು ನಡೆ ನೋಡುತ್ತೇರೀ. ನೀವೆಷ್ಟು ನೋಡ್ತೀರಿ?"

"ಎರಡು, ಮೂರು. ಆದ್ರೆ ಸರಿಯಾದ್ದು ನೋಡ್ತೀನಿ."

ಮೇಷ್ಟ್ರಿಗೆ ಅವತ್ತು ಮಧ್ಯಾಹ್ನದ ಬುತ್ತಿ ಸೇರಲಿಲ್ಲ. ಫರ್ಹಾದ್ ಮಾತಿನಲ್ಲೇ ನಿಲ್ಲಿಸಲಿಲ್ಲ, ತಾನೂ ಒಂದು ಪ್ರೋಗ್ರಾಂ ಬರೆಯತೊಡಗಿದ. ಅದಕ್ಕೆ 'ಸುಲ್ತಾನ' ಎಂದು ಹೆಸರು. ಸುಲ್ತಾನನಿಗೆ ಆಟದ ಸೂಕ್ಷ್ಮವೆಲ್ಲ ಗೊತ್ತಿತ್ತು. ರಾಜನ ಮುಂದಿನ ಪೇದೆಗಳು ಚದುರಬಾರದು, ಕುದುರೆ ಅಂಚಿಗೆ ಹೋಗಬಾರದು, ಆನೆಗೆ ತೆರೆದ ದಾರಿ ಬೇಕು, ಕೊನೆಯಲ್ಲಿ ರಾಜ ಮಧ್ಯಕ್ಕೆ ಬರಬೇಕು. ಫರ್ಹಾದ್ ದಿನಕ್ಕೊಂದು ನಿಯಮ ಸೇರಿಸುತ್ತಿದ್ದ. ಪ್ರತಿ ಸ್ಥಿತಿಯಲ್ಲೂ ಇಷ್ಟೆಲ್ಲ ವಿಚಾರಿಸಬೇಕಾಗಿ ಬಂದದ್ದರಿಂದ ಸುಲ್ತಾನ ಮೂರು ನಡೆ ನೋಡುವಷ್ಟರಲ್ಲಿ ಸುಸ್ತಾಗುತ್ತಿದ್ದ. ಎದುರಾಳಿಯ ಮನೆಯ ವಾಸ್ತುವನ್ನೆಲ್ಲ ಅಳೆದು ಮೆಚ್ಚಿ, ಬಾಗಿಲ ಹಿಂದೆ ದೊಣ್ಣೆ ಹಿಡಿದು ನಿಂತವನನ್ನು ಕಾಣದ ಅತಿಥಿಯಂತಿತ್ತು ಅವನ ಆಟ.

ಸ್ಟಾಫ್ ರೂಮಿನಲ್ಲಿ ಎರಡು ಪಕ್ಷಗಳಾದವು. ಚೆಸ್ ಗೊತ್ತಿಲ್ಲದವರೇ ಹೆಚ್ಚು ಜೋರಾಗಿ ವಾದಿಸಿದರು. ಸುದ್ದಿ ಚನ್ನರಾಯಪ್ಪನವರ ಕಿವಿಗೂ ಬಿತ್ತು. ಮುಂದಿನ ವರ್ಷ ಹೊಸ ಕೋರ್ಸಿಗೆ ಅನುಮತಿ ಕೊಡಲು ಒಂದು ಪರಿಶೀಲನಾ ಸಮಿತಿ ಬರುವುದಿತ್ತು. ಲೈಬ್ರರಿಯಲ್ಲಿ ಪುಸ್ತಕ ಇರಲಿಲ್ಲ. ಹಾಗಾಗಿ ಸಮಿತಿಯವರನ್ನು ಲೈಬ್ರರಿಗೆ ಹೋಗದಂತೆ ಸಭಾಂಗಣದಲ್ಲೇ ಕೂರಿಸುವಂಥದ್ದೇನಾದರೂ ಬೇಕಾಗಿತ್ತು.

"ಇಬ್ರದ್ದೂ ಕುಸ್ತಿ ಇಟ್ಬಿಡಿ ಮೇಷ್ಟ್ರೇ," ಎಂದರು ಚನ್ನರಾಯಪ್ಪ. "ಎಷ್ಟೊತ್ತು ಆಗುತ್ತೆ?"

"ಮೂರು ನಾಲ್ಕು ಗಂಟೆ ಆಗಬಹುದು ಸಾರ್."

"ಇನ್ನೂ ಜಾಸ್ತಿ ಆದ್ರೂ ಪರವಾಗಿಲ್ಲ."

ಸಮಿತಿ ಬಂದ ದಿನ ವೇದಿಕೆಯ ಮೇಲೆ ಎರಡು ಕಂಪ್ಯೂಟರುಗಳನ್ನು ಎದುರುಬದುರಾಗಿ ಇಟ್ಟರು. ಒಂದಕ್ಕೆ ಮೇಷ್ಟ್ರು, ಒಂದಕ್ಕೆ ಫರ್ಹಾದ್. ಒಂದರ ನಡೆಯನ್ನು ಇನ್ನೊಂದಕ್ಕೆ ಕೈಯಿಂದ ಒತ್ತುವುದು, ಹಿಂದಿನ ದೊಡ್ಡ ಹಲಗೆಯ ಮೇಲೆ ಕಾಯಿಗಳನ್ನು ಸರಿಸುವುದು. ತುಳಸಮ್ಮ ಗೆದ್ದವರ ಹೆಂಡತಿಯಾಗಿ ಕಾಣಿಸಿಕೊಳ್ಳಲೆಂದು ರೇಷ್ಮೆಸೀರೆ ಉಟ್ಟು ಮುಳಬಾಗಿಲಿಂದ ಬಂದು ಎರಡನೇ ಸಾಲಿನಲ್ಲಿ ಕೂತಿದ್ದರು.

ಮೊದಲು ಸುಲ್ತಾನ ಚೆಂದವಾಗಿ ಆಡಿದ. ಅವನ ಕಾಯಿಗಳು ಮದುವೆಮನೆಯ ಹಿರಿಯರಂತೆ ತಮ್ಮ ತಮ್ಮ ಜಾಗಗಳಲ್ಲಿ ಕೂತವು. ಗಜಮುಖದ ರಾಣಿ ಅಷ್ಟರಲ್ಲಿ ಊರೆಲ್ಲ ಅಲೆದು ಎರಡು ಪೇದೆ ತಿಂದು ಬಂದಳು. ಆಮೇಲೆ ಗಜಮುಖದ ಒಂದು ಆನೆ ಮೂಲೆಯಲ್ಲಿ ಸಿಕ್ಕಿಬಿತ್ತು. ಅದು ಹೋಗುವುದು ಖಂಡಿತವಿತ್ತು, ಗಜಮುಖಕ್ಕೂ ಅದು ಕಂಡಿತು. ಆಗ ಅದು ಸುಮ್ಮನೆ ಒಂದು ಪೇದೆಯನ್ನು ಎದುರಾಳಿಯ ಬಾಯಿಗೆ ನೂಕಿತು. ಸುಲ್ತಾನ ಆ ಪೇದೆ ತಿನ್ನುವುದರಲ್ಲಿ ಎರಡು ನಡೆ ಕಳೆದವು. ಆನೆಯ ಸಾವು ಏಳು ನಡೆಗಳಿಂದ ಆಚೆಗೆ ಸರಿಯಿತು. ಕಾಣದಿರುವುದು ಇಲ್ಲ ಎಂದುಕೊಂಡ ಗಜಮುಖ, ಆನೆ ಉಳಿಯಿತೆಂದು ನೆಮ್ಮದಿಯಾಯಿತು. ಮತ್ತೆ ಸಾವು ಕಣ್ಣಿಗೆ ಬಿತ್ತು, ಮತ್ತೊಂದು ಪೇದೆ ನೂಕಿತು. ಹೀಗೆ ಮೂರು ಪೇದೆ ಹೋದವು, ಕೊನೆಗೆ ಆನೆಯೂ ಹೋಯಿತು.

"ಏನ್ ಮೇಷ್ಟ್ರೇ, ನಿಮ್ದು ಒಂದೊಂದೇ ಬಿಟ್ಕೊಡ್ತಾ ಐತೆ?" ಎಂದರು ಚನ್ನರಾಯಪ್ಪ ಮುಂದಿನ ಸಾಲಿನಿಂದ.

"ತಂತ್ರ ಸಾರ್," ಎಂದರು ಮೇಷ್ಟ್ರು. ಅವರ ಕತ್ತಿನ ಹಿಂದೆ ಬೆವರು ಹರಿಯುತ್ತಿತ್ತು.

ಫರ್ಹಾದ್ ಸಭೆಯ ಕಡೆ ತಿರುಗಿ ಮುಗುಳ್ನಕ್ಕ. ಆ ನಗೆ ಮುಗಿಯುವ ಮೊದಲೇ ಸುಲ್ತಾನ ತನ್ನ ಕುದುರೆಯನ್ನು ಹಲಗೆಯ ನಟ್ಟನಡುವೆ, ಎಲ್ಲ ನಿಯಮಗಳೂ ಮೆಚ್ಚುವ ಜಾಗದಲ್ಲಿ, ತಂದು ನಿಲ್ಲಿಸಿದ. ಅದರಿಂದ ನಾಲ್ಕೇ ನಡೆಗಳಲ್ಲಿ ಅವನ ರಾಣಿ ಹೋಗುವುದಿತ್ತು. ಮೂರು ನಡೆ ನೋಡುವವನಿಗೆ ಅದು ಕಾಣಲಿಲ್ಲ. ರಾಣಿಯ ಹಿಂದೆ ಆನೆ, ಆನೆಯ ಹಿಂದೆ ಉಳಿದದ್ದು, ಎಲ್ಲ ಹೋದವು. ಮಧ್ಯಾಹ್ನದ ಊಟ ಮುಗಿದು ಸಮಿತಿಯವರಿಗೆ ತೂಕಡಿಕೆ ಹತ್ತುವ ಹೊತ್ತಿಗೆ ಸುಲ್ತಾನನ ಕಡೆ ರಾಜನೊಬ್ಬನೇ ಉಳಿದಿದ್ದ. ಗಜಮುಖದ ಕಡೆ ರಾಜನೂ ಒಂದು ಆನೆಯೂ ಇದ್ದವು. ಹೈಸ್ಕೂಲು ಮಕ್ಕಳು ಗೆಲ್ಲುವ ಆಟ. ತುಳಸಮ್ಮ ಸೆರಗು ಸರಿ ಮಾಡಿಕೊಂಡರು.

ಗಜಮುಖ ಆನೆಯನ್ನು ಒಂದು ಮನೆ ಬಲಕ್ಕೆ ಸರಿಸಿತು. ಸುಲ್ತಾನನ ರಾಜ, ನಿಯಮದಂತೆ, ಮಧ್ಯದಲ್ಲೇ ಇದ್ದ. ಗಜಮುಖ ಆನೆಯನ್ನು ಒಂದು ಮನೆ ಎಡಕ್ಕೆ ಸರಿಸಿತು. ಮತ್ತೆ ಬಲಕ್ಕೆ. ತಿನ್ನಲು ಹಲಗೆಯ ಮೇಲೆ ಏನೂ ಉಳಿದಿರಲಿಲ್ಲ. ಗೆಲುವು ಏಳು ನಡೆಗಳಿಗಿಂತ ದೂರ ಇತ್ತು. ಏಳು ನಡೆಗಳ ಒಳಗಿನ ಎಲ್ಲ ದಾರಿಗಳಲ್ಲೂ ಲೆಕ್ಕ ಒಂದೇ, ಐದು. ಎಲ್ಲ ದಾರಿಯೂ ಒಂದೇ ಆದಾಗ ಮೊದಲು ಕಂಡ ದಾರಿ ಹಿಡಿಯಬೇಕೆಂದು ಮೇಷ್ಟ್ರೇ ಬರೆದಿದ್ದರು. ಆನೆ ಬಲಕ್ಕೆ, ಆನೆ ಎಡಕ್ಕೆ. ಅದೇ ಸ್ಥಿತಿ ಮೂರು ಸಲ ಬಂದರೆ ಆಟ ಸಮ ಎಂಬುದು ಚೆಸ್ಸಿನ ಕಾನೂನು. ಡ್ರಾ ಆಯಿತೆಂದು ಫರ್ಹಾದ್ ಸಾರಿದ.

"ಡ್ರಾ ಅಂದ್ರೆ?" ಎಂದು ಕೇಳಿದರು ಚನ್ನರಾಯಪ್ಪ.

"ಇಬ್ಬರೂ ಸಮ ಸಾರ್."

"ಅಂದ್ರೆ ಇಬ್ರೂ ಸೋತ್ರಿ." ಅವರು ಎದ್ದು ಪಂಚೆ ಸರಿಮಾಡಿಕೊಂಡರು. "ಇರ್ಲಿ ಬಿಡಿ. ಸಮಿತಿಯವ್ರು ಸೈನ್ ಹಾಕಿದ್ರು."

ಸಂಜೆ ಮುಳಬಾಗಿಲಿನ ಬಸ್ಸಿನಲ್ಲಿ ಮೂವರೂ ಸಿಕ್ಕಿಬಿದ್ದರು. ಮುಂದಿನ ಸೀಟಿನಲ್ಲಿ ಗಂಡ ಹೆಂಡತಿ, ಹಿಂದೆ ಫರ್ಹಾದ್. ಸುತ್ತ ನರಸಾಪುರದ ಕಡೆಯಿಂದ ಬಂದ ಹೂವಿನ ಬುಟ್ಟಿಗಳು. ತುಳಸಮ್ಮ ಗಂಡನ ಕಡೆ ತಿರುಗಿದರು.

"ಏನ್ರೀ, ಗೆದ್ರೋ ಸೋತ್ರೋ? ಪಕ್ಕದ್ಮನೆಯವ್ರು ಕೇಳಿದ್ರೆ ಏನಂತ ಹೇಳ್ಲಿ?"

"ತಾತ್ವಿಕವಾಗಿ ಗೆದ್ದೆ."

ಹಿಂದಿನ ಸೀಟಿನಿಂದ ತಡೆಯಲಾರದ ನಗುವೊಂದು ಕೇಳಿತು. ಮೇಷ್ಟ್ರು ಕಿಟಕಿಯ ಕಡೆ ಮುಖ ತಿರುಗಿಸಿದರು. ಸ್ವಲ್ಪ ಹೊತ್ತಿಗೆ ಫರ್ಹಾದ್ ಮುಂದಕ್ಕೆ ಬಾಗಿದ.

"ಸಾರ್, ಒಂದೇ ಒಂದು ಸಾಲು ಸೇರಿಸಿದ್ರೆ ಗೆಲ್ತಿದ್ರಿ. ಎದುರಾಳಿ ರಾಜ ಅಂಚಿನ ಕಡೆ ಹೋದಷ್ಟೂ ನಮಗೆ ಲಾಭ, ಅಂತ."

"ನನ್ನ ವೇಗ ಕಡಿಮೆಯಾಗುತ್ತೆ."

"ಆನೆನ ಬಲಕ್ಕೂ ಎಡಕ್ಕೂ ಓಡಿಸೋದಕ್ಕೆ ವೇಗ ಯಾಕೆ ಸಾರ್?"

ಮಾರನೇ ದಿನ ಮೇಷ್ಟ್ರು ಕಂಪ್ಯೂಟರ್ ಕೋಣೆ ಖಾಲಿಯಿರುವಾಗ ಒಳಗೆ ಹೋಗಿ, ಚಿಲಕ ಹಾಕಿಕೊಂಡು, ಆ ಒಂದು ಸಾಲು ಸೇರಿಸಿದರು. ಗಜಮುಖದ ಆನೆ ಒಂದು ಗೆರೆ ಎಳೆದಂತೆ ಬಂದು ನಿಂತಿತು. ಒಂಟಿ ರಾಜ ಹಿಂದೆ ಸರಿದ. ಮತ್ತೊಂದು ಗೆರೆ, ಮತ್ತೆ ಹಿಂದೆ. ಕುರಿಯನ್ನು ಕೊಟ್ಟಿಗೆಗೆ ಅಟ್ಟುವಂತೆ ಅಟ್ಟಿ ಅಂಚಿನಲ್ಲಿ ಮುಗಿಸಿತು. ಮೇಷ್ಟ್ರು ತಮಗೆ ಗೊತ್ತಿಲ್ಲದೆ ಚಪ್ಪಾಳೆ ತಟ್ಟಿದರು. ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಒಂದು ವಾರ ಇತ್ತು. ಅದು ಇಳಿದ ಮೇಲೆ ಫರ್ಹಾದನ ಮೇಜಿನ ಮುಂದೆ ಹೋಗಿ ನಿಂತರು.

"ನಿಮ್ಮ ಸುಲ್ತಾನನಿಗೆ ಕಣ್ಣು ತೋರಿಸಬೇಕಲ್ರೀ ಫರ್ಹಾದ್. ನನ್ನ ಹತ್ರ ಒಳ್ಳೇ ಕನ್ನಡಕ ಇದೆ."

"ಬನ್ನಿ ಸಾರ್, ಕೂತ್ಕೊಳ್ಳಿ," ಎಂದ ಫರ್ಹಾದ್. ಆ ಒಂದು ಸಾಲಿನ ಬಗ್ಗೆ ಇಬ್ಬರೂ ಮಾತೆತ್ತಲಿಲ್ಲ.

ಅಲ್ಲಿಂದ ಮುಂದೆ ಎರಡು ವರ್ಷ ಅವರು ಮಾಡಿದ ಕೆಲಸ ನೋಡಿದರೆ, ಎರಡು ಪ್ರೋಗ್ರಾಂಗಳನ್ನು ಒಂದುಗೂಡಿಸಿದರು ಎನ್ನುವುದಕ್ಕಿಂತ ಗಡಿ ತಂಟೆ ನಡೆಸಿದರು ಎನ್ನಬಹುದು. ಫರ್ಹಾದ್ ಒಂದು ನಿಯಮ ತರುತ್ತಿದ್ದ. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೆಂದು ಮೇಷ್ಟ್ರು ಅಳೆಯುತ್ತಿದ್ದರು. ಕುದುರೆ ಅಂಚಿಗೆ ಹೋಗಬಾರದೆಂಬ ನಿಯಮ ಅಗ್ಗ, ಬರಲಿ. ರಾಜನ ರಕ್ಷಣೆಯ ನಿಯಮ ಪೂರ್ತಿ ಒಂದು ನಡೆಯ ಆಳ ತಿನ್ನುತ್ತದೆ, ಬೇಡ. ಬೇಕು, ಬೇಡ, ಬೇಕು. ತೀರ್ಮಾನಕ್ಕೆ ಬಾರದಿದ್ದರೆ ಶನಿವಾರ ಎರಡು ಯಂತ್ರ ಹಚ್ಚಿ, ನಿಯಮ ಇದ್ದದ್ದನ್ನೂ ಇಲ್ಲದ್ದನ್ನೂ ಸೋಮವಾರದವರೆಗೆ ಆಡಲು ಬಿಡುತ್ತಿದ್ದರು. ಸೋಮವಾರ ಬೆಳಿಗ್ಗೆ ಚಪ್ಪಲಿ ಬಿಟ್ಟು ಒಳಗೆ ಹೋಗುವಾಗ ಇಬ್ಬರ ಮುಖವೂ ಹೆರಿಗೆ ಆಸ್ಪತ್ರೆಯ ಬಾಗಿಲಲ್ಲಿ ನಿಂತವರಂತೆ ಇರುತ್ತಿತ್ತು.

ಯಂತ್ರಗಳು ಯಾರ ಮುಖವನ್ನೂ ನೋಡಲಿಲ್ಲ. ಎರಡು ಒಂಟೆಗಳ ಹೊಂದಾಣಿಕೆಯ ಬಗ್ಗೆ ಫರ್ಹಾದ್ ತಿಂಗಳುಗಟ್ಟಲೆ ಕೂತು ಬರೆದ, ಓದಿದವರೆಲ್ಲ ತಲೆದೂಗುವ ನಿಯಮದಿಂದ ಆಟ ಕೆಟ್ಟಿತು. ಅದನ್ನು ಕಿತ್ತು ಹಾಕಿದಾಗ ಅವನು ಎರಡು ದಿನ ರಜೆ ಹಾಕಿದ. ಮೇಷ್ಟ್ರು ಬೆವರು ಸುರಿಸಿ ಗಳಿಸಿದ ಎಂಟನೇ ನಡೆಗಿಂತ, ಪೇದೆಗಳ ಬಗೆಗಿನ ನಾಲ್ಕು ಸಾಲಿನ ನಿಯಮ ಹೆಚ್ಚು ಆಟ ಗೆದ್ದಿತು. ಮೇಷ್ಟ್ರು ರಜೆ ಹಾಕಲಿಲ್ಲ, ಮೌನವ್ರತ ಹಿಡಿದರು. ಸ್ಟಾಫ್ ರೂಮಿನವರು ಯಂತ್ರಕ್ಕೆ ಕೃತಜ್ಞರಾದರು.

ಒಂದು ಉಪಾಯ ಮಾತ್ರ ಮೇಷ್ಟ್ರಿಗೇ ಹೊಳೆಯಿತು. ಹಳೆಯ ಆಟಗಳನ್ನು ಮತ್ತೆ ಮತ್ತೆ ನೋಡುವಾಗ, ಕಾಯಿಗಳು ಒಂದನ್ನೊಂದು ಕಡಿಯುತ್ತಿರುವ ನಡುವೆ ನಿಂತು ಬೆಲೆ ಕಟ್ಟಿದರೆ ಲೆಕ್ಕ ಸುಳ್ಳಾಗುತ್ತದೆಂದು ಅವರಿಗೆ ಕಂಡಿತು. ಕಡಿದಾಟ ಮುಗಿದು ಧೂಳು ಇಳಿಯುವವರೆಗೆ ಇನ್ನೂ ಮುಂದೆ ನೋಡಬೇಕು, ಆಮೇಲೆ ಬೆಲೆ ಕಟ್ಟಬೇಕು. ಅದನ್ನು ಸೇರಿಸಿದ ಮೇಲೆ ಪ್ರೋಗ್ರಾಂ ಕಾರಣವಿಲ್ಲದೆ ಕಾಯಿ ಕಳೆದುಕೊಳ್ಳುವುದು ಬಹುಮಟ್ಟಿಗೆ ನಿಂತಿತು. ಮೇಷ್ಟ್ರು ಈ ಆವಿಷ್ಕಾರವನ್ನು ಒಂದು ತಿಂಗಳು ಬಸ್ಸಿನಲ್ಲಿ ಸಿಕ್ಕವರಿಗೆಲ್ಲ ವಿವರಿಸಿದರು. ಕೊನೆಗೆ ಫರ್ಹಾದ್ ಒಂದು ಹಳೆಯ ಇಂಗ್ಲಿಷ್ ಪುಸ್ತಕ ತಂದು, ಈ ಉಪಾಯ ಜಗತ್ತಿಗೆ ದಶಕಗಳಿಂದ ಗೊತ್ತಿದೆಯೆಂದು ಪುಟ ತೆರೆದು ತೋರಿಸಿದ.

ಮೇಷ್ಟ್ರು ಕನ್ನಡಕ ಏರಿಸಿ ಓದಿದರು. "ಅಂದ್ರೆ ಅವರೂ ಕಂಡುಹಿಡಿದಿದ್ರು ಅನ್ನಿ," ಎಂದು ಪುಸ್ತಕ ಮಡಚಿದರು.

೨೦೦೧ರಲ್ಲಿ ಬೆಂಗಳೂರಿನ ಒಂದು ಕಾಲೇಜು ಚೆಸ್ ಪ್ರೋಗ್ರಾಂಗಳ ಸ್ಪರ್ಧೆ ಏರ್ಪಡಿಸಿತು. ಹೋಗಲು ಅನುಮತಿ ಕೇಳಿದಾಗ ಚನ್ನರಾಯಪ್ಪನವರು ಪ್ರೋಗ್ರಾಮಿನ ಹೆಸರೇನೆಂದು ವಿಚಾರಿಸಿದರು. ಗಜಮುಖ ಅಂದರು ಇವರು, ಸುಲ್ತಾನ ಅಂದ ಅವನು.

"ಯಾರ್ ಕಂಪ್ಯೂಟರ್ ಅದು? ಯಾರ್ ಕರೆಂಟು?" ಎಂದರು ಚನ್ನರಾಯಪ್ಪ. "ನಮ್ಮಮ್ಮನ ಹೆಸರಿಡಿ. ಚಿಕ್ಕಗಂಗಮ್ಮ."

ಹಾಗಾಗಿ ಬೆಂಗಳೂರಿನ ಹವಾನಿಯಂತ್ರಿತ ಸಭಾಂಗಣದಲ್ಲಿ, 'ಥಂಡರ್' ಮತ್ತು 'ಡ್ರ್ಯಾಗನ್'ಗಳ ನಡುವೆ, ಕೋಲಾರದ ಚಿಕ್ಕಗಂಗಮ್ಮ ಬಿಳಿಕಾಯಿ ಹಿಡಿದು ಕೂತಳು. ಮೈಕಿನ ಹುಡುಗಿ ಹೆಸರು ಓದಿದಾಗ ಸಭೆ ನಕ್ಕಿತು. ಡ್ರ್ಯಾಗನ್ ಸೋತ ಮೇಲೆ ನಗು ನಿಂತಿತು. ಮಧ್ಯಾಹ್ನದ ಹೊತ್ತಿಗೆ ಥಂಡರನ್ನೂ ಚಿಕ್ಕಗಂಗಮ್ಮ ಮೂಲೆಗೆ ಅಟ್ಟಿದಳು. ಮೇಷ್ಟ್ರು ಫರ್ಹಾದನ ಭುಜ ಹಿಡಿದಿದ್ದರು, ಹಿಡಿದಿದ್ದೇನೆಂದು ಅವರಿಗೆ ತಿಳಿದಿರಲಿಲ್ಲ.

ಕೊನೆಯ ಸುತ್ತಿನ ಎದುರಾಳಿ ಮಾತ್ರ ಬೇರೆಯೇ ಜಾತಿಯದು. ಹತ್ತಾರು ನಡೆ ಆಗುವಷ್ಟರಲ್ಲಿ ಫರ್ಹಾದನ ಮುಖ ಕಪ್ಪಿಟ್ಟಿತು. ಅದು ಇಂಟರ್ನೆಟ್ಟಿನಲ್ಲಿ ಯಾರು ಬೇಕಾದರೂ ಇಳಿಸಿಕೊಳ್ಳಬಹುದಾದ ಒಂದು ಪ್ರೋಗ್ರಾಂ. ಆ ತಂಡದವರು ಹೆಸರು ಬದಲಿಸಿ, ತಮ್ಮ ಕಾಲೇಜಿನ ಲಾಂಛನ ಅಂಟಿಸಿ ತಂದಿದ್ದರು. ಚಿಕ್ಕಗಂಗಮ್ಮ ಗೌರವದಿಂದ ಸೋತಳು. ಫರ್ಹಾದ್ ತೀರ್ಪುಗಾರರ ಹತ್ತಿರ ಹೋದ.

"ಇದು ನೆಟ್ಟಿಂದ ಕಾಪಿ ಮಾಡಿರೋದು ಸಾರ್."

ತೀರ್ಪುಗಾರರು ಟೈ ಸರಿಪಡಿಸಿಕೊಂಡರು. "ಕಾಪಿ ಮಾಡೋದಕ್ಕೂ ತಿಳಿವಳಿಕೆ ಬೇಕಲ್ವೇನ್ರೀ? ನೀವೂ ಮಾಡಬಹುದಿತ್ತು."

ಎರಡನೇ ಬಹುಮಾನವೆಂದು ಒಂದು ಗೋಡೆ ಗಡಿಯಾರ ಕೊಟ್ಟರು. ಆದರೆ ಮರುದಿನ ಕಾಲೇಜಿನ ಗೇಟಿಗೆ ಕಟ್ಟಿದ ಬ್ಯಾನರಿನ ಮೇಲೆ 'ರಾಷ್ಟ್ರಮಟ್ಟದಲ್ಲಿ ಪ್ರಥಮ' ಎಂದಿತ್ತು. ಚನ್ನರಾಯಪ್ಪನವರ ಫೋಟೋ ದೊಡ್ಡದಾಗಿ, ಅವರ ತಾಯಿಯದು ಪಕ್ಕದಲ್ಲಿ. ಪ್ರೋಗ್ರಾಂ ಬರೆದವರದು ಜಾಗ ಸಾಲದೆ ಬಿಟ್ಟುಹೋಗಿತ್ತು. ಮೇಷ್ಟ್ರು ಅದಕ್ಕೆ ಬೇಸರ ಪಟ್ಟುಕೊಳ್ಳಲಿಲ್ಲ. ಹಳೆಯ ಪ್ರಿನ್ಸಿಪಾಲರು ಆ ಮಾರ್ಚಿಗೆ ನಿವೃತ್ತರಾಗುವವರಿದ್ದರು. ಲೆಕ್ಕ ಎಲ್ಲ ಸರಿಯಾಗಿ ಕೂತಿತ್ತು.

ಏಪ್ರಿಲ್ಲಿನಲ್ಲಿ ಚನ್ನರಾಯಪ್ಪನವರು ತಮ್ಮ ಅಳಿಯ ಕದಿರೇಶನನ್ನು ಪ್ರಿನ್ಸಿಪಾಲ್ ಮಾಡಿದರು. ಮೇಷ್ಟ್ರು ಚನ್ನರಾಯಪ್ಪನವರ ಕೋಣೆಗೆ ಹೋಗಿ ನಿಂತರು. ಏನು ಹೇಳಬೇಕೆಂದು ಎಷ್ಟೋ ನಡೆ ಯೋಚಿಸಿಕೊಂಡು ಹೋಗಿದ್ದರು, ಒಂದೂ ನೆನಪಿಗೆ ಬರಲಿಲ್ಲ.

"ಕೂತ್ಕೊಳ್ಳಿ ಮೇಷ್ಟ್ರೇ. ನೀವು ಪ್ರಿನ್ಸಿಪಾಲ್ ಕುರ್ಚಿಗೆ ಬಂದ್ರೆ ಕಂಪ್ಯೂಟರ್ ಯಾರ್ ನೋಡ್ಕೋತಾರೆ, ಪಾಠ ಯಾರ್ ಮಾಡ್ತಾರೆ? ನಮ್ ಕದಿರೇಶಂಗೆ ಎರಡೂ ಬರಲ್ಲ. ಅದಕ್ಕೇ ಅವನ್ನ ಪ್ರಿನ್ಸಿಪಾಲ್ ಮಾಡಿದ್ದು."

ಅದರಲ್ಲಿ ತಪ್ಪು ಹುಡುಕಲು ಮೇಷ್ಟ್ರಿಗೆ ಆಗಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ ಫರ್ಹಾದ್ ಸಿಕ್ಕಿದ. ಆಗಲೇ ಅವನಿಗೆ ವಿಷಯ ಮುಟ್ಟಿತ್ತು.

"ಅವರಿಗೆ ಅಳಿಯ ಇರೋದು ನಿಮಗೆ ಗೊತ್ತಿರ್ಲಿಲ್ವಾ ಸಾರ್?"

"ಗೊತ್ತಿತ್ತಯ್ಯ. ಮದುವೆ ಊಟ ಮಾಡಿದೀನಿ. ಮೂರು ಹೋಳಿಗೆ ಹಾಕಿಸ್ಕೊಂಡಿದ್ದೆ." ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಿಂದ ಒರೆಸಿದರು. "ಅವನಿಗೆ ಒಂದು ಪೇದೆ ಬೆಲೆ ಕಟ್ಟಿದ್ದೆ."

ಫರ್ಹಾದ್ ನಗಲಿಲ್ಲ. ಮುಂದಿನ ಬಸ್ಸು ಬಂದಾಗ ತಾನೇ ಮೊದಲು ಹತ್ತಿ ಮೇಷ್ಟ್ರಿಗೆ ಸೀಟು ಹಿಡಿದ. ಎಡಗಡೆಯೋ ಬಲಗಡೆಯೋ ಎಂದು ನೋಡದೆ ಮೇಷ್ಟ್ರು ಕೂತರು.

ಕದಿರೇಶ ಪ್ರಿನ್ಸಿಪಾಲನಾಗಿ ಮಾಡಿದ ಮೊದಲ ಸುಧಾರಣೆ ಎಂದರೆ ಹಳೆಯ ಕಂಪ್ಯೂಟರುಗಳಲ್ಲಿದ್ದದ್ದನ್ನೆಲ್ಲ ಅಳಿಸಿ ಹರಾಜು ಹಾಕಿದ್ದು. ಅವುಗಳ ಜೊತೆ ತನ್ನ ಹೆಂಡತಿಯ ಅಜ್ಜಿಯ ಹೆಸರೂ ಹೋಯಿತೆಂದು ಅವನಿಗೆ ತಿಳಿಯಲೇ ಇಲ್ಲ. ಫರ್ಹಾದನ ಹತ್ತಿರ ಒಂದು ಪ್ರತಿ ಉಳಿದಿತ್ತು. ಅವನು ಸರ್ಕಾರಿ ಪಾಲಿಟೆಕ್ನಿಕ್ ಸೇರಿ, ಮದುವೆಯಾಗಿ, ಮನೆಗೊಂದು ಹೊಸ ಕಂಪ್ಯೂಟರ್ ಕೊಂಡ. ಮೇಷ್ಟ್ರು ನಿವೃತ್ತರಾದ ಮೇಲೆ ಭಾನುವಾರ ಬೆಳಿಗ್ಗೆ ಅವನ ಮನೆಗೆ ಹೋಗುವುದು ವಾಡಿಕೆಯಾಯಿತು. ಹೊಸ ಯಂತ್ರದಲ್ಲಿ ಅದೇ ಪ್ರೋಗ್ರಾಂ ಹನ್ನೆರಡು ನಡೆ ಮುಂದೆ ನೋಡುತ್ತಿತ್ತು, ಬೆವರಿಲ್ಲದೆ, ಯಾರ ಶ್ರಮವೂ ಇಲ್ಲದೆ. ಅಷ್ಟು ಸುಲಭವಾಗಿ ಸಿಕ್ಕ ಆಳದ ಮೇಲೆ ಮೇಷ್ಟ್ರಿಗೆ ಗೌರವ ಹೊರಟುಹೋಯಿತು.

"ಬೆಲೆ ಕಟ್ಟೋದು ಸರಿಯಿಲ್ಲ ಕಣಯ್ಯ," ಎನ್ನತೊಡಗಿದರು. "ಎಷ್ಟು ದೂರ ನೋಡಿದ್ರೇನು? ರಾಜನ ರಕ್ಷಣೆಗೆ ಇನ್ನೂ ಎರಡು ನಿಯಮ ಬೇಕು."

"ಬೇಡ ಸಾರ್, ನಿಧಾನ ಆಗುತ್ತೆ," ಎನ್ನುತ್ತಿದ್ದ ಫರ್ಹಾದ್. "ಇನ್ನೊಂದು ನಡೆ ಆಳ ಸಿಕ್ಕಿದ್ರೆ ಆ ನಿಯಮ ಎಲ್ಲ ತಾನಾಗೇ ಕಾಣುತ್ತೆ."

ಒಂದು ಭಾನುವಾರ ಈ ವಾದ ಎಷ್ಟು ಏರಿತೆಂದರೆ ಫರ್ಹಾದನ ಹೆಂಡತಿ ಬುಶ್ರಾ ಒಳಗಿನಿಂದ ಬಂದು ಬಾಗಿಲಲ್ಲಿ ನಿಂತಳು.

"ಮೇಷ್ಟ್ರೇ, ಪಾಪು ಈಗ ತಾನೆ ಮಲ್ಕೊಂಡಿದೆ. ಇಬ್ರೂ ಜಗಲಿ ಮೇಲೆ ಹೋಗಿ ಜಗಳ ಆಡ್ಕೊಳ್ಳಿ."

ಇಬ್ಬರೂ ತಪ್ಪಿತಸ್ಥರಂತೆ ಎದ್ದು ಹೊರಗೆ ಬಂದರು. ಜಗಲಿಯ ಮೇಲೆ ಸುಣ್ಣದ ಚೂರೊಂದು ಬಿದ್ದಿತ್ತು. ಮೇಷ್ಟ್ರು ಅದನ್ನು ಎತ್ತಿಕೊಂಡು, ಪಂಚೆ ಮಡಚಿ ಕುಕ್ಕರುಗಾಲಲ್ಲಿ ಕೂತು, ಕಲ್ಲಿನ ಮೇಲೆ ರಾಜನನ್ನೂ ಅವನ ಮುಂದಿನ ಮೂರು ಪೇದೆಗಳನ್ನೂ ಬರೆದರು. ಫರ್ಹಾದ್ ಎದುರಿಗೆ ಕೂತು ಅದರಲ್ಲಿ ಒಂದು ಪೇದೆಯನ್ನು ಬೆರಳಿನಿಂದ ಅಳಿಸಿದ.